ಥ್ರಾಟಲ್ ಸೆನ್ಸರ್‌ನ ಸೊನ್ನೆ: ಇಂಧನ ಮಾಡ್ಯೂಲ್ ಜೋಡಿಸುವವರಿಗೆ ಕೆಲವು ಮಾತು

(ದ್ವಿಚಕ್ರ ವಾಹನ ಮೆಕ್ಯಾನಿಕ್‌ಗಳು ಹಾಗೂ ಆಟೊಮೊಬೈಲ್ ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ, ಈ ದಿನ ನಾನು ಮಾತನಾಡಬೇಕೆಂದಿರುವ ಕೆಲಸ ಲ್ಯಾಪ್‌ಟಾಪಿನಲ್ಲಿ ಎರಡು ಗುಂಡಿ ಒತ್ತಿದರೆ ಮುಗಿಯುವಂಥದ್ದು. ಫ್ಯುಯೆಲ್ ಇಂಜೆಕ್ಷನ್ ಇರುವ ಬೈಕಿಗೆ ಹೊರಗಿನಿಂದ ತಂದ ಟ್ಯೂನಿಂಗ್ ಮಾಡ್ಯೂಲ್ ಜೋಡಿಸಿದಾಗ, ಥ್ರಾಟಲ್ ಪೂರ್ತಿ ಮುಚ್ಚಿದ್ದರೆ ಸೆನ್ಸರ್ ಎಷ್ಟು ವೋಲ್ಟ್ ಕೊಡುತ್ತದೆ, ಪೂರ್ತಿ ತೆರೆದಿದ್ದರೆ ಎಷ್ಟು ಕೊಡುತ್ತದೆ ಎಂಬ ಎರಡು ಅಂಕಿಗಳನ್ನು ಆ ಮಾಡ್ಯೂಲಿಗೆ ತಿಳಿಸುವ ಕೆಲಸ ಅದು. ಇಷ್ಟು ಸಣ್ಣದಾದ್ದರಿಂದಲೇ ಅದನ್ನು ಎಲ್ಲ ಮುಗಿದ ಮೇಲೆ, ಸೀಟು ಕೂರಿಸಿ ಸ್ಕ್ರೂ ಬಿಗಿದ ಮೇಲೆ, ನೆನಪಾದರೆ ಮಾಡುವ ರೂಢಿ ನಮ್ಮ ಗ್ಯಾರೇಜುಗಳಲ್ಲಿ ಬೆಳೆದಿದೆ. ನನ್ನ ವಾದವೆಂದರೆ, ಅದು ಮೊದಲ ಕೆಲಸವಾಗಬೇಕು. ಅದು ಸರಿಯಾಗಿದೆ ಎಂದು ಖಾತ್ರಿಯಾಗುವವರೆಗೆ ಮ್ಯಾಪಿನ, ಅಂದರೆ ಪೆಟ್ರೋಲನ್ನು ಎಲ್ಲಿ ಎಷ್ಟು ಹೆಚ್ಚು-ಕಡಿಮೆ ಮಾಡಬೇಕು ಎಂಬ ಕೋಷ್ಟಕದ, ಒಂದು ಅಂಕಿಯನ್ನೂ ಮುಟ್ಟಬಾರದು.

ಇದಕ್ಕೆ ಕಾರಣ ತಿಳಿಯಬೇಕಾದರೆ, ಎಂಜಿನ್ನಿಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಬೈಕು ಹೇಗೆ ತಿಳಿದುಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕಾಗುತ್ತದೆ. 1980ರ ಕವಾಸಾಕಿ ಝಡ್1000 ಇಂಜೆಕ್ಷನ್ ಮಾದರಿಯಲ್ಲಿಯೂ 1983ರ ಬಿಎಂಡಬ್ಲ್ಯು ಕೆ100ರಲ್ಲಿಯೂ ಗಾಳಿಯ ದಾರಿಯಲ್ಲಿ ಒಂದು ಫ್ಲಾಪ್ ಇತ್ತು. ಗಾಳಿ ಅದನ್ನು ಎಷ್ಟು ತಳ್ಳಿತು ಎಂಬುದೇ ಅಳತೆಯಾಗಿತ್ತು. 1980ರ ದಶಕದ ಕೊನೆಯಲ್ಲಿ ಬಂದ ಡುಕಾಟಿ 851 ಬೇರೆ ದಾರಿ ಹಿಡಿಯಿತು. ಥ್ರಾಟಲ್ ಎಷ್ಟು ತೆರೆದಿದೆ, ಎಂಜಿನ್ ಎಷ್ಟು ಆರ್‌ಪಿಎಂನಲ್ಲಿ ತಿರುಗುತ್ತಿದೆ ಎಂಬ ಎರಡೇ ಸಂಗತಿಗಳಿಂದ ಗಾಳಿಯ ಪ್ರಮಾಣವನ್ನು ಅಂದಾಜಿಸಿ, ಅದಕ್ಕೆ ತಕ್ಕ ಪೆಟ್ರೋಲನ್ನು ಕೋಷ್ಟಕದಿಂದ ಓದಿಕೊಳ್ಳುವ ಈ ಪದ್ಧತಿಗೆ ಆಲ್ಫಾ-ಎನ್ ಎಂದು ಹೆಸರು. ಇಂದಿನ ಅನೇಕ ಬೈಕುಗಳ ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಇದರ ಜೊತೆಗೆ ಇನ್‌ಟೇಕ್ ಪೈಪಿನೊಳಗಿನ ಒತ್ತಡವನ್ನೂ ಅಳೆಯುತ್ತದೆ. ಥ್ರಾಟಲ್ ಕಡಿಮೆ ತೆರೆದಾಗ ಒತ್ತಡವನ್ನು, ಹೆಚ್ಚು ತೆರೆದಾಗ ಥ್ರಾಟಲ್ ಸ್ಥಾನವನ್ನು ಹೆಚ್ಚು ನಂಬುತ್ತದೆ. ಭಾರತದಲ್ಲಿ 2006ರ ಹೀರೊ ಹೋಂಡಾ ಗ್ಲಾಮರ್ ಎಫ್‌ಐನಿಂದ ಆರಂಭವಾಗಿ, 2020ರ ಏಪ್ರಿಲ್ 1ರಂದು ಬಿಎಸ್6 ಹೊಗೆ ನಿಯಮ ಜಾರಿಗೆ ಬಂದ ಮೇಲೆ ಬಹುಪಾಲು ದ್ವಿಚಕ್ರ ವಾಹನಗಳು ಇಂಜೆಕ್ಷನ್‌ಗೆ ತಿರುಗಿದವು. ಹಾಗಾಗಿ ಥ್ರಾಟಲ್ ಪೊಸಿಷನ್ ಸೆನ್ಸರ್, ಅಂದರೆ ನಾವೆಲ್ಲ ಟಿಪಿಎಸ್ ಎನ್ನುವ ಆ ಪುಟ್ಟ ಕಪ್ಪು ಡಬ್ಬಿ, ಈಗ ಹಳ್ಳಿಯ ಗ್ಯಾರೇಜಿಗೂ ಹೊಸದಲ್ಲ.

ಹೊರಗಿನಿಂದ ಜೋಡಿಸುವ ಪಿಗ್ಗಿಬ್ಯಾಕ್ ಮಾಡ್ಯೂಲ್ ಮೂಲ ಇಸಿಯುವನ್ನು ತೆಗೆದುಹಾಕುವುದಿಲ್ಲ. ಇಸಿಯು ಇಂಜೆಕ್ಟರಿಗೆ ಕಳಿಸುವ ಪಲ್ಸನ್ನು, ಅಂದರೆ ಎಷ್ಟು ಹೊತ್ತು ಪೆಟ್ರೋಲ್ ಬಿಡಬೇಕು ಎಂಬ ಸಂಕೇತವನ್ನು, ನಡುವೆ ಹಿಡಿದು, ಅದನ್ನು ಶೇಕಡಾ ಇಷ್ಟು ಹಿಗ್ಗಿಸಿ ಅಥವಾ ಕುಗ್ಗಿಸಿ ಮುಂದಕ್ಕೆ ಬಿಡುತ್ತದೆ. ಅಮೆರಿಕದ ಡೈನೊಜೆಟ್ ಕಂಪನಿಯ ಪವರ್ ಕಮಾಂಡರ್ ಈ ಬಗೆಯ ಮಾಡ್ಯೂಲ್‌ಗಳಲ್ಲಿ ಹೆಚ್ಚು ಹೆಸರಾದದ್ದು. ನಮ್ಮ ಬೆಂಗಳೂರಿನಲ್ಲೇ ರೇಸ್ ಡೈನಮಿಕ್ಸ್ ತಯಾರಿಸುವ ಪವರ್‌ಟ್ರಾನಿಕ್ ಕೂಡ ಪಿಗ್ಗಿಬ್ಯಾಕ್ ಜಾತಿಯದೇ, ಕೆಟಿಎಂ ಓಡಿಸುವವರಿಗೆ ಪರಿಚಿತವಾದದ್ದು. ಎಷ್ಟು ಹಿಗ್ಗಿಸಬೇಕು ಎಂಬುದನ್ನು ಮಾಡ್ಯೂಲ್ ತನ್ನ ಮ್ಯಾಪಿನಲ್ಲಿ ನೋಡುತ್ತದೆ. ಆ ಮ್ಯಾಪಿನ ಸಾಲುಗಳು ಆರ್‌ಪಿಎಂ, ಕಂಬಗಳು ಥ್ರಾಟಲ್ ಶೇಕಡಾವಾರು. ಪವರ್ ಕಮಾಂಡರಿನಲ್ಲಿ ಸಾಮಾನ್ಯವಾಗಿ ಕಾಣುವ ಕಂಬಗಳು 0, 2, 5, 10, 20, 40, 60, 80 ಮತ್ತು 100. ಎಂಜಿನ್ ಮೇಲಿನ ಭಾರವನ್ನು ಅರಿಯಲು ಇಂಥ ಮಾಡ್ಯೂಲಿಗೆ ಸಾಮಾನ್ಯವಾಗಿ ಟಿಪಿಎಸ್ ಬಿಟ್ಟರೆ ಬೇರೆ ಕಣ್ಣಿಲ್ಲ. ಮೂಲ ಇಸಿಯು ಒಂದು ಸೆನ್ಸರ್ ತಪ್ಪಿದರೆ ಇನ್ನೊಂದನ್ನು ನೋಡಿ ಸ್ವಲ್ಪವಾದರೂ ಸುಧಾರಿಸಿಕೊಳ್ಳಬಲ್ಲದು. ಮಾಡ್ಯೂಲಿಗೆ ಆ ಅನುಕೂಲವಿಲ್ಲ.

ಈಗ ಆ ಕಂಬಗಳ ಅಂತರವನ್ನು ಗಮನಿಸಿ. ಕೆಳಗೆ ಒತ್ತೊತ್ತಾಗಿವೆ, ಮೇಲೆ ದೂರ ದೂರ. ಥ್ರಾಟಲಿನೊಳಗೆ ತಿರುಗಿ ಗಾಳಿಯ ದಾರಿ ತೆರೆಯುವ ಬಟರ್‌ಫ್ಲೈ ತಟ್ಟೆ ಮುಚ್ಚಿದ ಸ್ಥಿತಿಯಿಂದ ಸ್ವಲ್ಪವೇ ತೆರೆದರೂ ಗಾಳಿ ಹೋಗುವ ಸಂದು ಹಲವು ಪಟ್ಟು ಹೆಚ್ಚುತ್ತದೆ. ಅದೇ 3,000 ಆರ್‌ಪಿಎಂನಲ್ಲಿ ಅರ್ಧ ತೆರೆದ ತಟ್ಟೆಯನ್ನು ಪೂರ್ತಿ ತೆರೆದರೆ ಎಂಜಿನ್ ಎಳೆದುಕೊಳ್ಳುವ ಗಾಳಿಯಲ್ಲಿ ಅಂಥ ವ್ಯತ್ಯಾಸವೇನೂ ಆಗುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವ ಬೈಕು ತನ್ನ ಆಯುಷ್ಯವನ್ನೆಲ್ಲ 0ಯಿಂದ 10ರ ನಡುವಿನ ಕಂಬಗಳಲ್ಲೇ ಕಳೆಯುತ್ತದೆ. ಆದ್ದರಿಂದ ಸೊನ್ನೆಯ ಕಡೆ ಆಗುವ ತಪ್ಪಿಗೂ ನೂರರ ಕಡೆ ಆಗುವ ತಪ್ಪಿಗೂ ಒಂದೇ ಬೆಲೆ ಕಟ್ಟುವಂತಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ಒಂದು ಬೈಕಿನಲ್ಲಿ ಥ್ರಾಟಲ್ ಮುಚ್ಚಿದಾಗ 0.60 ವೋಲ್ಟ್, ಪೂರ್ತಿ ತೆರೆದಾಗ 3.90 ವೋಲ್ಟ್ ಬರುತ್ತದೆ ಎಂದುಕೊಳ್ಳಿ. ನಡುವಿನ ಹರವು 3.30 ವೋಲ್ಟ್, ಅಂದರೆ ಶೇಕಡಾ ಒಂದಕ್ಕೆ 33 ಮಿಲಿವೋಲ್ಟ್. ಮಾಡ್ಯೂಲಿನಲ್ಲಿ ಮಾತ್ರ ಮುಚ್ಚಿದ ಅಂಕಿ ತಪ್ಪಾಗಿ 0.75 ಎಂದು ಉಳಿದಿದೆ. ಆಗ ಸವಾರ ಶೇಕಡಾ ನಾಲ್ಕೂವರೆಯಷ್ಟು ತೆರೆಯುವವರೆಗೂ ಮಾಡ್ಯೂಲಿನ ಲೆಕ್ಕದಲ್ಲಿ ಥ್ರಾಟಲ್ ಮುಚ್ಚಿಯೇ ಇರುತ್ತದೆ. ನಿಜವಾದ 5ರಲ್ಲಿ ಅದು ಸುಮಾರು 0.5 ಎಂದು ಓದುತ್ತದೆ, ನಿಜವಾದ 10ರಲ್ಲಿ ಸುಮಾರು 5.7 ಎಂದು. ನಿಜವಾದ 40ಕ್ಕೆ ಬಂದಾಗ ಓದುವುದು 37, ನಿಜವಾದ 80ರಲ್ಲಿ 79. ಮೇಲೆ ಹೋದಂತೆ ತಪ್ಪು ತಾನಾಗಿಯೇ ಕರಗುತ್ತದೆ, ಕೆಳಗೆ ಮಾತ್ರ ಎರಡರ ಕಂಬ ಇರಬೇಕಾದ ಜಾಗದಲ್ಲಿ ಇಲ್ಲವೇ ಇಲ್ಲ. ಇಂಥ ಬೈಕನ್ನು ಹೈವೇಯಲ್ಲಿ ಓಡಿಸಿ ನೋಡಿದವರು ಎಲ್ಲ ಚೆನ್ನಾಗಿದೆ ಎನ್ನುತ್ತಾರೆ. ಊರೊಳಗೆ ಓಡಿಸುವ ಮಾಲೀಕರು ಮಾತ್ರ ಜರ್ಕ್ ಬರುತ್ತಿದೆ, ಥ್ರಾಟಲ್ ಬಿಟ್ಟು ಹಿಡಿದಾಗ ತಡವರಿಸುತ್ತಿದೆ ಎಂದು ಮತ್ತೆ ಮತ್ತೆ ಬರುತ್ತಾರೆ.

ತಪ್ಪು ಇನ್ನೊಂದು ದಿಕ್ಕಿಗೆ ಆದರೆ, ಅಂದರೆ ಮುಚ್ಚಿದ ಅಂಕಿ 0.50 ಎಂದು ಉಳಿದಿದ್ದರೆ, ಹಿಡಿ ತಿರುಗಿಸದೆ ಎಂಜಿನ್ ಓಡುವ ಐಡ್ಲಿಂಗ್‌ನಲ್ಲೇ ಮಾಡ್ಯೂಲ್ ಸುಮಾರು 2.9 ಎಂದು ಓದುತ್ತದೆ. ಸೊನ್ನೆಯ ಕಂಬವನ್ನು ಅದು ಯಾವತ್ತೂ ಮುಟ್ಟುವುದಿಲ್ಲ. ಆ ಕಂಬದಲ್ಲಿ ನೀವು ಏನು ತಿದ್ದಿದರೂ ಎಂಜಿನ್ನಿಗೆ ತಿಳಿಯುವುದೇ ಇಲ್ಲ. ತಕ್ಕಡಿಗೆ ಸಾಮಾನು ಹಾಕುವ ಮೊದಲು ಮುಳ್ಳು ಸೊನ್ನೆಯಲ್ಲಿ ನಿಂತಿದೆಯೇ ಎಂದು ನೋಡುವ ಅಂಗಡಿಯವನ ಎಚ್ಚರ ಇಲ್ಲಿ ಬೇಕು. ಇನ್ನು ಮೇಲ್ತುದಿಯ ವಿಷಯ. ಪೂರ್ತಿ ತೆರೆದ ಅಂಕಿ 3.60 ಎಂದು ಕಡಿಮೆ ನಮೂದಾಗಿದ್ದರೆ, ನಿಜವಾದ 91ರಲ್ಲೇ ಮಾಡ್ಯೂಲ್ 100 ಎನ್ನುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ತಲೆ ಕೆಡಿಸಿಕೊಳ್ಳುವಷ್ಟು ದೊಡ್ಡದಲ್ಲ. ಆದರೆ ಅದು 4.30 ಎಂದು ಹೆಚ್ಚು ನಮೂದಾಗಿದ್ದರೆ ಪೂರ್ತಿ ತೆರೆದರೂ 89 ದಾಟುವುದಿಲ್ಲ. ಸೈಲೆನ್ಸರನ್ನೂ ಏರ್ ಫಿಲ್ಟರನ್ನೂ ಬದಲಿಸಿದ ಬೈಕಿನಲ್ಲಿ 100ರ ಕಂಬಕ್ಕೆ ಹೆಚ್ಚು ಪೆಟ್ರೋಲ್ ಬರೆದಿಟ್ಟಿದ್ದರೆ, ಅದು ಬೇಕಾದ ಹೊತ್ತಿಗೆ ಪೂರ್ತಿಯಾಗಿ ಸಿಗದೆ, ಹೆಚ್ಚಿನ ಆರ್‌ಪಿಎಂನಲ್ಲಿ ಎಂಜಿನ್ ಲೀನ್ ಆಗಿ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲದೆ, ಬಿಸಿಯೇರುವ ಸಂಭವವಿದೆ.

ಕೆಲಸಕ್ಕೆ ಕೈಹಾಕುವ ಮೊದಲು ಎರಡು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಇವೆರಡನ್ನು ಬೆರೆಸುವುದರಿಂದ ಆಗುವ ಅನಾಹುತ ಸಣ್ಣದಲ್ಲ. ಟಿಪಿಎಸ್ ಥ್ರಾಟಲ್ ಬಾಡಿಯ ಮೇಲೆ ಯಾವ ಕೋನದಲ್ಲಿ ಕೂತಿರಬೇಕು ಎಂಬುದು ಮೂಲ ಇಸಿಯುಗೆ ಸಂಬಂಧಿಸಿದ್ದು. ಹಳೆಯ ಡುಕಾಟಿ ಮತ್ತು ಮೋಟೊ ಗುಟ್ಸಿ ಬೈಕುಗಳಲ್ಲಿ ತಟ್ಟೆಯನ್ನು ಸ್ಟಾಪ್ ಸ್ಕ್ರೂವಿನಿಂದ ಬಿಡಿಸಿ ಪೂರ್ತಿ ಮುಚ್ಚಿ, ಸೆನ್ಸರನ್ನು ತಿರುಗಿಸಿ 150 ಮಿಲಿವೋಲ್ಟಿಗೆ ನಿಲ್ಲಿಸುವ ಪದ್ಧತಿಯಿದೆ. ಸುಜುಕಿ ಜಿಎಸ್ಎಕ್ಸ್-ಆರ್ ಬೈಕುಗಳನ್ನು ಡೀಲರ್ ಮೋಡ್‌ಗೆ ಹಾಕಿದರೆ ಮೀಟರಿನಲ್ಲಿ ಸಿ00 ಎಂದು ಬರುತ್ತದೆ. ಅದರ ಮುಂದಿನ ಅಡ್ಡಗೀಟು ನಡುವೆ ಇದ್ದರೆ ಸೆನ್ಸರಿನ ಜೋಡಣೆ ಸರಿ, ಮೇಲೆ ಅಥವಾ ಕೆಳಗೆ ಇದ್ದರೆ ತಪ್ಪು. ಇದೆಲ್ಲ ಬೈಕಿನ ತಯಾರಕರು ಹೇಳಿದ ಸೆಟ್ಟಿಂಗ್. ಮಾಡ್ಯೂಲಿನ ಕ್ಯಾಲಿಬ್ರೇಷನ್‌ನಲ್ಲಾದರೋ, ಅಂದರೆ ಆ ಎರಡು ಅಂಕಿಗಳನ್ನು ತಿಳಿಸುವ ಕೆಲಸದಲ್ಲಿ, ಸ್ಪ್ಯಾನರ್ ಹಿಡಿಯುವ ಪ್ರಶ್ನೆಯೇ ಇಲ್ಲ. ಸೆನ್ಸರ್ ಎಲ್ಲಿದೆಯೋ ಅಲ್ಲೇ ಇರುತ್ತದೆ, ಅದು ಕೊಡುವ ಅಂಕಿಯನ್ನು ಮಾಡ್ಯೂಲ್ ಒಪ್ಪಿಕೊಳ್ಳುತ್ತದೆ. ಮಾಡ್ಯೂಲಿನ ಪರದೆಯಲ್ಲಿ ಸೊನ್ನೆ ಬರಲಿಲ್ಲವೆಂದು ಸೆನ್ಸರಿನ ಸ್ಕ್ರೂ ಸಡಿಲಿಸಿ ತಿರುಗಿಸಿದರೆ, ಮಾಡ್ಯೂಲಿನ ಲೆಕ್ಕ ಸರಿಹೋಗಿ ಮೂಲ ಇಸಿಯುವಿನ ಲೆಕ್ಕ ಕೆಡುತ್ತದೆ.

ಎಂಜಿನ್ನಿನ ಕೈಕಾಲು ನೆಟ್ಟಗಿರದೆ ಎಲೆಕ್ಟ್ರಾನಿಕ್ಸ್ ಸರಿಮಾಡಲು ಬಾರದು. ಬಟರ್‌ಫ್ಲೈ ಅಂಚಿನ ಕರಿ ಕೆರೆದು ಸ್ವಚ್ಛಗೊಳಿಸಬೇಕಿದ್ದರೆ ಅದನ್ನು ಮೊದಲೇ ಮುಗಿಸಿ. ಥ್ರಾಟಲ್ ಕೇಬಲಿಗೆ ಸರ್ವಿಸ್ ಪುಸ್ತಕದಲ್ಲಿ ಹೇಳಿದಷ್ಟು ಸಡಿಲ ಇರಲಿ. ಹ್ಯಾಂಡಲನ್ನು ಎಡ ತುದಿಯಿಂದ ಬಲ ತುದಿಗೆ ತಿರುಗಿಸುವಾಗ ಸೆನ್ಸರಿನ ವೋಲ್ಟೇಜ್ ಕದಲಬಾರದು. ಕದಲಿದರೆ ಕೇಬಲ್ ಎಲ್ಲೋ ಬಿಗಿಯಾಗಿದೆ ಎಂದೇ ಅರ್ಥ. ಇದನ್ನು ಪೆಟ್ರೋಲ್ ಟ್ಯಾಂಕ್ ಕೂರಿಸಿದ ಮೇಲೆ ನೋಡುವುದು ಕ್ಷೇಮ, ಏಕೆಂದರೆ ಟ್ಯಾಂಕಿನಡಿ ಕೇಬಲ್ ಬಾಗುವ ರೀತಿ ಬೇರೆ.

ಸೆನ್ಸರ್ ಸ್ವತಃ ಆರೋಗ್ಯವಾಗಿದೆಯೇ ಎಂಬುದಕ್ಕೆ ಒಂದು ಮಲ್ಟಿಮೀಟರ್ ಸಾಕು. ಕೇಬಲಿನಿಂದ ನಡೆಯುವ ಸಾಮಾನ್ಯ ಥ್ರಾಟಲ್ ಬಾಡಿಯ ಟಿಪಿಎಸ್‌ಗೆ ಮೂರು ವೈರುಗಳು: ಒಂದರಲ್ಲಿ ಇಸಿಯು ಕೊಡುವ 5 ವೋಲ್ಟ್, ಒಂದು ಅರ್ತಿಂಗ್, ಮೂರನೆಯದು ಥ್ರಾಟಲ್ ತಿರುಗಿಸಿದಂತೆ ಏರುವ ಸಿಗ್ನಲ್. ವೈರಿನ ಬಣ್ಣವನ್ನು ನಂಬಬೇಡಿ. ಇಗ್ನಿಷನ್ ಹಾಕಿ, ಏರಿಳಿಯುವ ವೈರ್ ಯಾವುದೆಂದು ಅಳೆದೇ ಗುರುತಿಸಿ. ಸುಜುಕಿಯಂಥ ಕೆಲವು ಬೈಕುಗಳಲ್ಲಿ ಎರಡನೆಯ ಸಾಲಿನ ಬಟರ್‌ಫ್ಲೈಗಳಿದ್ದು, ಅವುಗಳಿಗೂ ಬೇರೆ ಸೆನ್ಸರ್ ಇರುವುದರಿಂದ ತಪ್ಪು ಸೆನ್ಸರಿಗೆ ಕೈಹಾಕುವ ಸಾಧ್ಯತೆಯಿದೆ. ಕನೆಕ್ಟರಿನ ಹಿಂದಿನಿಂದ ಸೂಜಿಮೊನೆಯ ಪ್ರೋಬ್ ಇಳಿಸಿ ಅಳೆಯಿರಿ. ವೈರಿನ ಹೊದಿಕೆ ಚುಚ್ಚುವುದು ಬೇಡ. ಮಲೆನಾಡಿನ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ತೂತಿನೊಳಗೆ ತಾಮ್ರ ಹಸಿರುಗಟ್ಟಿರುತ್ತದೆ. ಥ್ರಾಟಲನ್ನು ಬಹಳ ನಿಧಾನವಾಗಿ ತೆರೆಯುತ್ತ ವೋಲ್ಟೇಜ್ ಎಲ್ಲಿಯೂ ಕುಸಿಯದೆ, ನೆಗೆಯದೆ ಏರುತ್ತದೆಯೇ ನೋಡಿ. ಕಾರ್ಬನ್ ಪಟ್ಟಿಯ ಮೇಲೆ ಉಜ್ಜುವ ಬಗೆಯ ಸೆನ್ಸರುಗಳು ಹೆಚ್ಚು ಬಳಕೆಯಾಗುವ ಜಾಗದಲ್ಲೇ ಸವೆಯುತ್ತವೆ. ಅಂದರೆ ಥ್ರಾಟಲ್ ತುಸು ತೆರೆದು ಒಂದೇ ವೇಗದಲ್ಲಿ ಸಾಗುವ ಜಾಗ. ಈ ಪರೀಕ್ಷೆಗೆ ಮುಳ್ಳಿನ ಹಳೆಯ ಮೀಟರ್ ಡಿಜಿಟಲ್‌ಗಿಂತ ಒಳ್ಳೆಯದು, ಕ್ಷಣಮಾತ್ರದ ಕುಸಿತವೂ ಮುಳ್ಳಿನ ಅದುರಿನಲ್ಲಿ ಕಾಣುತ್ತದೆ. ಸವೆದ ಸೆನ್ಸರನ್ನು ಕ್ಯಾಲಿಬ್ರೇಟ್ ಮಾಡುವುದು ವ್ಯರ್ಥ ಶ್ರಮ. ಎರಡು ತುದಿಗಳನ್ನು ಎಷ್ಟು ಸರಿಮಾಡಿದರೂ ನಡುವಿನ ಹಳ್ಳ ಮುಚ್ಚುವುದಿಲ್ಲ.

ಮುಚ್ಚಿದ ಅಂಕಿಯನ್ನು ಎಂಜಿನ್ ಚೆನ್ನಾಗಿ ಕಾದ ಮೇಲೆ, ಐಡ್ಲಿಂಗ್‌ನಲ್ಲಿ ಓಡುತ್ತಿರುವಾಗ ನಮೂದಿಸಬೇಕು ಎಂಬುದು ನಾನು ಒಪ್ಪುವ ಪದ್ಧತಿ. ಇದಕ್ಕೆ ಎರಡು ಕಾರಣಗಳಿವೆ. ಕೆಲವು ಬೈಕುಗಳಲ್ಲಿ ಎಂಜಿನ್ ತಣ್ಣಗಿದ್ದಾಗ ಕೂಲಂಟ್ ಬಿಸಿಗೆ ಹಿಗ್ಗುವ ಮೇಣದ ಯಂತ್ರವೊಂದು ತಟ್ಟೆಗಳನ್ನು ಕೂದಲೆಳೆಯಷ್ಟು ತೆರೆದಿಟ್ಟಿರುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನಮೂದಿಸಿದ ಸೊನ್ನೆ, ಎಂಜಿನ್ ಕಾದ ಮೇಲೆ ಸೊನ್ನೆಯಾಗಿ ಉಳಿಯುವುದಿಲ್ಲ. ಎರಡನೆಯದು ಅರ್ತಿಂಗ್. ಮಾಡ್ಯೂಲಿನ ಅರ್ತ್ ವೈರನ್ನು ಬ್ಯಾಟರಿಯ ನೆಗೆಟಿವ್‌ಗೆ ಕೊಟ್ಟಿರುತ್ತೇವೆ, ಸೆನ್ಸರಿನ ಅರ್ತ್ ಇಸಿಯು ಒಳಗಿನಿಂದ ಬರುತ್ತದೆ. ಪೆಟ್ರೋಲ್ ಪಂಪು, ಇಂಜೆಕ್ಟರ್, ಫ್ಯಾನು, ಹೆಡ್‌ಲೈಟು ಎಲ್ಲ ಕರೆಂಟ್ ಎಳೆಯುವಾಗ ಈ ಎರಡು ಅರ್ತ್‌ಗಳ ನಡುವೆ ಕೆಲವು ಹತ್ತು ಮಿಲಿವೋಲ್ಟುಗಳ ಅಂತರ ಹುಟ್ಟಬಹುದು, ಮೇಲಿನ ಲೆಕ್ಕದಲ್ಲಿ 33 ಮಿಲಿವೋಲ್ಟ್ ಎಂದರೆ ಶೇಕಡಾ ಒಂದು. ಬರೀ ಇಗ್ನಿಷನ್ ಹಾಕಿ ಅಳೆದರೆ ಈ ಅಂತರ ಕಾಣದೆ ಹೋಗುತ್ತದೆ. ಅಂತರ ತೀರಾ ಹೆಚ್ಚಿದ್ದರೆ ಕ್ಯಾಲಿಬ್ರೇಷನ್‌ನಲ್ಲಿ ಅದನ್ನು ನುಂಗಿಕೊಳ್ಳುವ ಬದಲು ತುಕ್ಕು ಹಿಡಿದ ಅರ್ತ್ ಬೋಲ್ಟನ್ನು ಹುಡುಕುವುದು ಸರಿಯಾದ ದಾರಿ.

ಪೂರ್ತಿ ತೆರೆದ ಅಂಕಿಯನ್ನು, ಕೇಬಲ್ ಥ್ರಾಟಲಿನ ಬೈಕಾದರೆ, ಎಂಜಿನ್ ನಿಲ್ಲಿಸಿ ಇಗ್ನಿಷನ್ ಮಾತ್ರ ಹಾಕಿ ತೆಗೆದುಕೊಳ್ಳಬೇಕು. ನ್ಯೂಟ್ರಲ್‌ನಲ್ಲಿ ಓಡುತ್ತಿರುವ ಎಂಜಿನ್ನಿಗೆ ಪೂರ್ತಿ ರೇಸು ಕೊಡುವುದು ಯಾರೂ ಮಾಡಬಾರದ ಕೆಲಸ. ಹ್ಯಾಂಡಲಿನ ಹಿಡಿಯನ್ನೇ ತಿರುಗಿಸಿ ನಮೂದಿಸಿ. ಥ್ರಾಟಲ್ ಬಾಡಿಯ ಲಿಂಕನ್ನು ಕೈಯಿಂದ ಎಳೆದರೆ ಸವಾರನಿಗೆ ಎಂದೂ ಸಿಗದ ಅಂಕಿ ದಾಖಲಾಗಬಹುದು. ನಂತರ ಹತ್ತಾರು ಸಲ ಬೇರೆ ಬೇರೆ ವೇಗದಲ್ಲಿ ತೆರೆದು ಮುಚ್ಚಿ, ಪ್ರತಿ ಸಲವೂ ಸೊನ್ನೆಗೆ ಮರಳುತ್ತದೆಯೇ ನೋಡಿ. ವೋಲ್ಟೇಜನ್ನು ಅಂಕಿಯಾಗಿಸುವ ಹತ್ತು ಬಿಟ್‌ನ ಪರಿವರ್ತಕ 5 ವೋಲ್ಟನ್ನು 1,024 ಮೆಟ್ಟಿಲುಗಳಾಗಿ ಒಡೆಯುತ್ತದೆ, ಒಂದು ಮೆಟ್ಟಿಲು ಸುಮಾರು 5 ಮಿಲಿವೋಲ್ಟ್. ಒಂದೆರಡು ಮೆಟ್ಟಿಲುಗಳ ಕುಣಿತ ಸಹಜವಾದ್ದರಿಂದ, ಮುಚ್ಚಿದ ಅಂಕಿಯನ್ನು ಅಳತೆಗಿಂತ 10 ಮಿಲಿವೋಲ್ಟ್ ಮೇಲೆಯೂ ತೆರೆದ ಅಂಕಿಯನ್ನು ಅಷ್ಟೇ ಕೆಳಗೂ ಇಟ್ಟರೆ ಸೊನ್ನೆ ಸೊನ್ನೆಯಾಗಿಯೂ ನೂರು ನೂರಾಗಿಯೂ ನಿಲ್ಲುತ್ತವೆ. ಇದಕ್ಕಿಂತ ಹೆಚ್ಚು ಬಿಟ್ಟುಕೊಡುವುದನ್ನು ನಾನು ಒಪ್ಪುವುದಿಲ್ಲ. ಒಮ್ಮೆ 0, ಇನ್ನೊಮ್ಮೆ 1 ಎಂದು ಬರುತ್ತಿದ್ದರೆ ಅಂಕಿಯನ್ನು ಸಡಿಲಿಸುವ ಮೊದಲು ಕೇಬಲನ್ನೂ ಬಟರ್‌ಫ್ಲೈ ಶಾಫ್ಟಿನ ಸವೆತವನ್ನೂ ನೋಡಿ.

ಕೇಬಲ್ ಬದಲು ಮೋಟಾರಿನಿಂದ ಥ್ರಾಟಲ್ ತೆರೆಯುವ ರೈಡ್-ಬೈ-ವೈರ್ ಬೈಕುಗಳಿಗೆ ಈ ವಿಧಾನವನ್ನು ಹಾಗೆಯೇ ಅನ್ವಯಿಸುವಂತಿಲ್ಲ. 2017ರ ಕೆಟಿಎಂ 390 ಡ್ಯೂಕ್‌ನಿಂದ ಈ ವ್ಯವಸ್ಥೆ ನಮ್ಮ ಕೈಗೆಟುಕುವ ಬೈಕುಗಳಿಗೂ ಬಂತು. ಇಲ್ಲಿ ಹಿಡಿಯಲ್ಲಿ ಒಂದು ಸೆನ್ಸರ್, ತಟ್ಟೆಯಲ್ಲಿ ಇನ್ನೊಂದು. ನಡುವೆ ಮೋಟಾರನ್ನು ನಡೆಸುವ ಇಸಿಯು. ಕರೆಂಟ್ ಇಲ್ಲದಾಗ ಎಲೆಕ್ಟ್ರಾನಿಕ್ ಥ್ರಾಟಲಿನ ತಟ್ಟೆ ಸ್ಪ್ರಿಂಗಿನ ಬಲದಿಂದ ತುಸು ತೆರೆದ ಸ್ಥಾನಕ್ಕೆ ಬಂದು ನಿಲ್ಲುತ್ತದೆ. ಎಲೆಕ್ಟ್ರಾನಿಕ್ಸ್ ಕೈಕೊಟ್ಟರೂ ಬೈಕು ಮನೆ ಸೇರಲಿ ಎಂಬ ಏರ್ಪಾಡು ಅದು. ಆ ಸ್ಥಿತಿಯಲ್ಲಿ ನಮೂದಿಸಿದ ಸೊನ್ನೆ ಐಡ್ಲಿಂಗ್‌ನ ಸೊನ್ನೆಗಿಂತ ಮೇಲಿರುತ್ತದೆ, ನಾವು ಆಗಲೇ ಲೆಕ್ಕ ಹಾಕಿದ 0.75ರ ತಪ್ಪು ಇಲ್ಲಿ ತಾನಾಗಿಯೇ ಆಗಿಬಿಡುತ್ತದೆ. ಮೇಲ್ತುದಿಯಲ್ಲೂ ತೊಡಕಿದೆ: ಎಂಜಿನ್ ನಿಂತಿರುವಾಗ ಅಥವಾ ನ್ಯೂಟ್ರಲ್‌ನಲ್ಲಿ ಹಿಡಿಯನ್ನು ಪೂರ್ತಿ ತಿರುಗಿಸಿದರೂ ತಟ್ಟೆಯನ್ನು ಪೂರ್ತಿ ತೆರೆಯಲು ಅನೇಕ ಇಸಿಯುಗಳು ಒಪ್ಪುವುದಿಲ್ಲ. ಆದ್ದರಿಂದ ಮಾಡ್ಯೂಲ್ ಯಾವ ಸೆನ್ಸರನ್ನು ಓದುತ್ತಿದೆ ಎಂಬುದನ್ನು ಮೊದಲು ತಿಳಿದು, ಅದು ತಟ್ಟೆಯದಾದರೆ ಪೂರ್ತಿ ತೆರೆದ ಅಂಕಿಯನ್ನು ಡೈನೊ ಮೇಲೆ, ಅಂದರೆ ಬೈಕನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರದ ಮೇಲೆ, ಗೇರಿನಲ್ಲಿ, ಭಾರದಡಿ ತೆಗೆದುಕೊಳ್ಳುವುದು ವಾಸಿ. ಮಾಡ್ಯೂಲ್ ತಯಾರಕರು ಆ ಬೈಕಿಗೆಂದೇ ಸೂಚನೆ ಕೊಟ್ಟಿದ್ದರೆ ನನ್ನ ಮಾತಿಗಿಂತ ಅದೇ ಪ್ರಮಾಣ.

ಎರಡು ತುದಿಗಳನ್ನು ಹೇಳಿದ ಮೇಲೆ ನಡುವಿನದೆಲ್ಲ ನೇರ ಗೆರೆ ಎಂದು ಮಾಡ್ಯೂಲ್ ಭಾವಿಸಿಕೊಳ್ಳುತ್ತದೆ. ಹಳೆಯ ಡುಕಾಟಿ, ಗುಟ್ಸಿಗಳಲ್ಲಿ ಬಳಸಿದ ಮ್ಯಾಗ್ನೆಟಿ ಮಾರೆಲ್ಲಿ ಸೆನ್ಸರಿನಲ್ಲಿ ಗೆರೆ ನೇರವಿಲ್ಲ. ಆರಂಭದ ಕೋನಗಳಲ್ಲಿ ವೋಲ್ಟೇಜ್ ಕಡಿದಾಗಿ ಏರಿ ಆಮೇಲೆ ನಿಧಾನವಾಗುತ್ತದೆ. ಅಂಥ ಬೈಕಿನಲ್ಲಿ ಪರದೆಯ 20 ಎಂದರೆ ತಟ್ಟೆಯ ಐದನೆಯ ಒಂದು ಭಾಗ ಎಂದಲ್ಲ. ಮ್ಯಾಪನ್ನು ಅದೇ ಬೈಕಿನ ಮೇಲೆ ತಯಾರಿಸಿದ್ದರೆ ಇದರಿಂದ ತೊಂದರೆಯೇನಿಲ್ಲ. ಬೇರೆಯವರು ತಮ್ಮ ಬೈಕಿನಲ್ಲಿ ಮಾಡಿ ಹಂಚಿದ ಮ್ಯಾಪನ್ನು ತಂದು ಹಾಕುವವರು ಮಾತ್ರ, ಅದನ್ನು ತಯಾರಿಸಿದವರ ಸೊನ್ನೆಯೂ ನಮ್ಮ ಸೊನ್ನೆಯೂ ಒಂದೇ ಆಗಿರಬೇಕು ಎಂಬ ಷರತ್ತನ್ನು ಮರೆಯಬಾರದು. ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ: ತಯಾರಕರು ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ನಿರ್ಬಂಧವಿದೆ, ಟ್ರ್ಯಾಕ್‌ಗೆ ಮಾಡುವ ಕೆಲಸವನ್ನು ರಸ್ತೆಯ ಬೈಕಿಗೆ ಮಾಡುವ ಮೊದಲು ಇದನ್ನು ಮಾಲೀಕರಿಗೆ ತಿಳಿಸುವುದು ನಮ್ಮ ಹೊಣೆ.

ಮಾತಿನ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ. ಬೆಂಗಳೂರಿನಲ್ಲಿ ಕ್ಯಾಲಿಬ್ರೇಟ್ ಮಾಡಿದ ಬೈಕನ್ನು ಶಿರಾಡಿ ಘಾಟಿ ಇಳಿಸಿ ಮಂಗಳೂರಿಗೆ ಒಯ್ದರೆ ಮತ್ತೆ ಮಾಡಬೇಕೇ ಎಂದು ಒಬ್ಬರು ಕೇಳಿದರು. ಬೇಕಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತಿರ ಹತ್ತಿರ ಶೇಕಡಾ 10ರಷ್ಟು ಕಡಿಮೆ ಇರುವುದು ನಿಜ. ಆದರೆ ತಟ್ಟೆಯ ಕೋನಕ್ಕೂ ಒತ್ತಡಕ್ಕೂ ಸಂಬಂಧವಿಲ್ಲ. ಒತ್ತಡದ ವ್ಯತ್ಯಾಸವನ್ನು ಮೂಲ ಇಸಿಯು ತನ್ನ ಪಲ್ಸಿನಲ್ಲಿ ಸರಿಪಡಿಸಿಕೊಳ್ಳುತ್ತದೆ, ಮಾಡ್ಯೂಲ್ ಅದರ ಮೇಲೆ ಶೇಕಡಾವಾರು ಮಾತ್ರ ಸೇರಿಸುತ್ತದೆ.

ಇನ್ನೊಬ್ಬರ ಪ್ರಶ್ನೆ ಹೆಚ್ಚು ಗಂಭೀರವಾದದ್ದು. ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇದ್ದು, ಪೆಟ್ರೋಲಿನ ಪ್ರಮಾಣವನ್ನು ತಾನೇ ತಿದ್ದಿಕೊಳ್ಳುವ ಆಟೊಟ್ಯೂನ್ ಜೋಡಿಸಿದ್ದರೆ, ಟಿಪಿಎಸ್ ತಪ್ಪಿದ್ದರೂ ಅದೇ ಮಿಶ್ರಣವನ್ನು ಸರಿಮಾಡಿಕೊಳ್ಳುತ್ತದಲ್ಲವೇ ಎಂದು ಅವರು ಕೇಳಿದರು. ಮಾಡಿಕೊಳ್ಳುತ್ತದೆ, ತೊಡಕು ಅಲ್ಲೇ ಇರುವುದು. ನಿಜವಾದ 10ರಲ್ಲಿ ಬೇಕಾದ ತಿದ್ದುಪಡಿಯನ್ನು ಅದು ತಾನು ಓದುವ 5.7ರ ಸುತ್ತಲಿನ ಕೋಣೆಗಳಲ್ಲಿ ಬರೆದಿಡುತ್ತದೆ. ಸೊನ್ನೆಯ ಕಂಬದಲ್ಲಿ ಐಡ್ಲಿಂಗ್‌ಗೆ ಬೇಕಾದದ್ದನ್ನೂ ನಿಜವಾದ 4ಕ್ಕೆ ಬೇಕಾದದ್ದನ್ನೂ ಸರದಿಯಲ್ಲಿ ಅಳಿಸಿ ಬರೆಯುತ್ತಲೇ ಇರುತ್ತದೆ. ಬೈಕು ಸುಮಾರಾಗಿ ಓಡುವುದರಿಂದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ತಿಂಗಳುಗಳ ನಂತರ ಇನ್ನೊಬ್ಬ ಮೆಕ್ಯಾನಿಕ್ ಟಿಪಿಎಸ್ ಅಂಕಿಗಳನ್ನು ಸರಿಯಾಗಿ ನಮೂದಿಸಿದ ಕ್ಷಣದಲ್ಲಿ ಆ ತಿದ್ದುಪಡಿಗಳೆಲ್ಲ ತಪ್ಪು ಕೋಣೆಯಲ್ಲಿ ಬಿದ್ದು ಬೈಕು ಕೆಡುತ್ತದೆ, ಸರಿಯಾದ ಕೆಲಸ ಮಾಡಿದವನ ಮೇಲೆ ಆರೋಪ ಬರುತ್ತದೆ. ಆದ್ದರಿಂದ ಕ್ಯಾಲಿಬ್ರೇಷನ್ ಬದಲಿಸಿದ ದಿನವೇ ಆಟೊಟ್ಯೂನ್ ಕಲಿತ ತಿದ್ದುಪಡಿಗಳ, ಅಂದರೆ ಟ್ರಿಮ್‌ನ, ಕೋಷ್ಟಕವನ್ನು ಅಳಿಸಬೇಕು. ಟ್ರಿಮ್ ಆಗಲೇ ಮ್ಯಾಪಿನೊಳಗೆ ಸೇರಿಹೋಗಿದ್ದರೆ ಮೊದಲಿನ ಮ್ಯಾಪನ್ನು ಮರಳಿ ಹಾಕಿ ಹೊಸದಾಗಿ ಕಲಿಯಲು ಬಿಡಬೇಕು. ಹಳೆಯ ಎರಡು ವೋಲ್ಟೇಜ್ ಅಂಕಿಗಳನ್ನೂ ಹೊಸ ಎರಡನ್ನೂ, ಎಂಜಿನ್ ಬಿಸಿಯಿತ್ತೇ, ಓಡುತ್ತಿತ್ತೇ ಎಂಬುದರ ಸಮೇತ, ಬೈಕಿನ ಸರ್ವಿಸ್ ಕಾರ್ಡಿನ ಮೇಲೆಯೇ ಬರೆದುಕೊಡಿ.